ಓದುಗರ ಪ್ರಶ್ನೆ, ತಜ್ಞರ ಉತ್ತರ: ಕೊಳೆ ಮದ್ದು, ನೆಲನೆಲ್ಲಿ ಮತ್ತು ಗಾಜಿನ ಮೇಲಿನ ತೆಳುಪದರ

ಪ್ರಶ್ನೆ: ಮಳೆ ಹಿಡಿಯುವ ಮೊದಲೇ ಅಡಿಕೆ ತೋಟಕ್ಕೆ ಬೋರ್ಡೋ ಮದ್ದು ಹೊಡೆಸಿದ್ದೆವು. ಆದರೂ ಆಷಾಢದಲ್ಲಿ ಕೊಳೆರೋಗ ಶುರುವಾಗಿ ಕಾಯಿ ಉದುರಿತು. ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಎರಡನ್ನೂ ತೂಕ ಮಾಡಿಯೇ ಹಾಕಿದ್ದೇವೆ. ತಪ್ಪು ಎಲ್ಲಿ ಆಗಿರಬಹುದು?
– ಅಡಿಕೆ ಬೆಳೆಗಾರರು, ಹೊಸನಗರ

ಉತ್ತರ: ತೂಕ ಸರಿಯಿದ್ದರೂ ಮಿಶ್ರಣ ಕೆಡಬಹುದು. ಮಿಶ್ರಣ ಸರಿಯಿದ್ದರೂ ಹೊಡೆದದ್ದು ಅಡಿಕೆ ಕೊನೆಗೆ (ಗೊಂಚಲಿಗೆ) ಅಂಟದೆ ಹೋಗಬಹುದು. ಎರಡನ್ನೂ ನೋಡೋಣ.

ಶೇ. 1ರ ಬೋರ್ಡೋಗೆ ಮೈಲುತುತ್ತ 1 ಕೆಜಿ, ಸುಟ್ಟ ಸುಣ್ಣ 1 ಕೆಜಿ, ನೀರು 100 ಲೀಟರ್. ರಸಾಯನಶಾಸ್ತ್ರದ ಲೆಕ್ಕ ಹಿಡಿದರೆ 1 ಕೆಜಿ ಮೈಲುತುತ್ತದ ಹುಳಿ ಮುರಿಯಲು ಶುದ್ಧ ಸುಣ್ಣ ಕಾಲು ಕೆಜಿಯೂ ಬೇಡ. ಆದರೂ ಸಮಸಮ ಹಾಕುತ್ತೇವೆ. ಪೇಟೆಯಲ್ಲಿ ಸಿಗುವ ಸುಣ್ಣ ಶುದ್ಧವಲ್ಲ ಎಂಬುದು ಒಂದು ಕಾರಣ; ಹೆಚ್ಚಿನ ಸುಣ್ಣ ಪದರಕ್ಕೆ ಅಂಟು ಕೊಡುತ್ತದೆ ಎಂಬುದು ಇನ್ನೊಂದು. ಗಾಳಿ ತಾಗಿ ಪುಡಿಯಾದ ಹಳೆ ಸುಣ್ಣ ಬಹುಪಾಲು ಸೀಮೆಸುಣ್ಣವೇ ಆಗಿರುತ್ತದೆ, ಅದರಲ್ಲಿ ಕೆಲಸ ಮಾಡುವ ಅಂಶ ಉಳಿದಿರುವುದಿಲ್ಲ. ಗಟ್ಟಿ ಉಂಡೆಯ ಸುಣ್ಣಕ್ಕೆ ಸ್ವಲ್ಪ ನೀರು ಚಿಮುಕಿಸಿ: ಬಿಸಿಯಾಗಿ, ಸದ್ದು ಮಾಡಿ, ಒಡೆದು ಅರಳಿದರೆ ಒಳ್ಳೆಯದು. ಸುಮ್ಮನೆ ಒದ್ದೆಯಾಗಿ ಕುಳಿತರೆ ಬೇರೆ ಸುಣ್ಣ ತನ್ನಿ. ಚೀಲದಲ್ಲಿ ಬರುವ ಅರಳಿದ ಸುಣ್ಣದ ಪುಡಿಯಾದರೆ, 1 ಕೆಜಿ ಸುಟ್ಟ ಸುಣ್ಣಕ್ಕೆ ಸುಮಾರು 1.3 ಕೆಜಿ ಪುಡಿ ಸಮ.

ಮೈಲುತುತ್ತವನ್ನು ಹಿಂದಿನ ರಾತ್ರಿಯೇ ಬಟ್ಟೆಯಲ್ಲಿ ಕಟ್ಟಿ, 50 ಲೀಟರ್ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ತೂಗುಹಾಕಿ. ಕರಗಿದ ದ್ರಾವಣ ಭಾರವಾಗಿ ಕೆಳಗಿಳಿಯುತ್ತದೆ, ಹೊಸ ನೀರು ಮೇಲೆ ಬರುತ್ತದೆ, ಬೆಳಗಾಗುವಾಗ ಗಂಟು ಖಾಲಿ. ತಳಕ್ಕೆ ಸುರಿದು ಬಿಟ್ಟರೆ ಅರ್ಧ ಹರಳು ಹಾಗೇ ಉಳಿದಿರುತ್ತದೆ. ಸುಣ್ಣವನ್ನು ಅರಳಿಸಿ, ತಣಿಸಿ, ಉಳಿದ 50 ಲೀಟರಿನಲ್ಲಿ ಕದಡಿ, ತೆಳ್ಳನೆ ಬಟ್ಟೆಯಲ್ಲಿ ಸೋಸಿ. ಇಲ್ಲದಿದ್ದರೆ ಮರದ ತುದಿಯಲ್ಲಿ ಕೊನೆಗಾರ ಕುಳಿತಿರುವಾಗಲೇ ನಾಜಲ್ ಕಟ್ಟುತ್ತದೆ. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕೋಲಿನಿಂದ ಕಲಕುತ್ತಿರಿ. ಸುಣ್ಣವನ್ನು ಮೈಲುತುತ್ತಕ್ಕೆ ಸುರಿಯಬೇಡಿ. ಕಣ ದಪ್ಪವಾಗಿ ಬೇಗ ತಳ ಸೇರುತ್ತದೆ. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು. ಕಬ್ಬಿಣದ ಪಾತ್ರೆಯಾದರೆ ತಾಮ್ರ ಅದಕ್ಕೇ ಹತ್ತಿಕೊಳ್ಳುತ್ತದೆ.

ಮಿಶ್ರಣ ತಿಳಿ ಆಕಾಶ ನೀಲಿಯಾಗಿರಬೇಕು. ಹೊಳೆಯುವ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ತಾಮ್ರದ ಲೇಪ ಕಂಡರೆ ಬಿಡಿ ತಾಮ್ರ ಉಳಿದಿದೆ ಎಂದರ್ಥ. ಅದನ್ನು ಹೊಡೆದರೆ ಎಳೆಗಾಯಿ ಸುಡುತ್ತದೆ. ಕೆಂಪು ಬರುವುದು ನಿಲ್ಲುವವರೆಗೆ ಸುಣ್ಣದ ತಿಳಿ ಸೇರಿಸಿ. ಕೆಂಪು ಲಿಟ್ಮಸ್ ಕಾಗದ ನೀಲಿಗೆ ತಿರುಗಿದರೂ ಸಾಕ್ಷಿ ಸಿಕ್ಕಂತೆ.

ಮಾಡಿದ ದಿನವೇ ಮುಗಿಸಿ. ಇಟ್ಟ ಬೋರ್ಡೋದಲ್ಲಿ ಕಣಗಳು ಹರಳುಗಟ್ಟಿ ಅಂಟುವ ಗುಣ ಹೋಗುತ್ತದೆ. ಮಳೆಯ ಬಿಡುವು ಸಿಗದೆ ಡ್ರಮ್ಮಿನಲ್ಲಿ ಉಳಿದದ್ದನ್ನು ಮರುದಿನ ಹೊಡೆಸುವುದು ನಮ್ಮ ಕಡೆ ಕಾಣುವ ದೊಡ್ಡ ತಪ್ಪು. ಕೊನೆ ಒದ್ದೆಯಿದ್ದಾಗ ಹೊಡೆದದ್ದೂ ಜಾರಿ ಹೋಗುತ್ತದೆ. ಮುಂಗಾರಿಗೆ ಮೊದಲು ಒಂದು, 40–45 ದಿನಕ್ಕೆ ಇನ್ನೊಂದು. ಮಳೆ ಎಳೆದರೆ ಮೂರನೆಯದು ಬೇಕು. ನಿಮ್ಮಲ್ಲಿ ಆಷಾಢದಲ್ಲಿ ರೋಗ ಬಂತೆಂದರೆ, ಮೊದಲ ಸುತ್ತಿನ ಮದ್ದು ತೊಳೆದು ಹೋಗಿ ಎರಡನೆಯದು ತಡವಾಗಿರುವ ಸಂಭವ ಹೆಚ್ಚು. ರಾಳ ಸೇರಿಸುವುದಾದರೆ ಬೋರ್ಡೋ ತಯಾರಾಗಿ ಕತ್ತಿ ಪರೀಕ್ಷೆ ಮುಗಿದ ಮೇಲೆ ಸೇರಿಸಿ. ಉದುರಿದ ಕೊಳೆಗಾಯಿಯನ್ನು ಮರದ ಬುಡದಲ್ಲೇ ಬಿಡಬೇಡಿ, ಹೆಕ್ಕಿ ತೋಟದ ಹೊರಗೆ ಹಾಕಿ. ರೋಗ ತರುವ ಫೈಟಾಫ್ತೊರಾ ಅಲ್ಲಿಂದಲೇ ಮತ್ತೆ ಹಬ್ಬುತ್ತದೆ. ಡ್ರಮ್ ತೊಳೆದ ನೀರು ಹಳ್ಳಕ್ಕೆ ಹೋಗದಂತೆ ನೋಡಿಕೊಳ್ಳಿ. ತಾಮ್ರ ಮೀನಿಗೆ ವಿಷ.

ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಫ್ರಾನ್ಸಿನ ದ್ರಾಕ್ಷಿತೋಟಕ್ಕಾಗಿ ಪ್ರಕಟಿಸಿದ ಮದ್ದು ಇದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದರು, ಬೋರ್ಡೋವನ್ನು ಮಲೆನಾಡಿನ ತೋಟಗಳಲ್ಲಿ ರೂಢಿಗೆ ತಂದರು. ಶತಮಾನ ಕಳೆದರೂ ಇದಕ್ಕೆ ರೋಗ ಒಗ್ಗಿಕೊಂಡಿಲ್ಲ. ಹಾಗಾಗಿ ಮದ್ದನ್ನೇ ಬದಲಿಸುವ ಮೊದಲು ಮಾಡುವ ಕ್ರಮವನ್ನು ಸರಿಪಡಿಸಿ ಎನ್ನುವುದು ನಮ್ಮ ಸಲಹೆ.

ಪ್ರಶ್ನೆ: ಅಡಿಕೆ ಕೊನೆಗೆ ಪ್ಲಾಸ್ಟಿಕ್ ಕೊಟ್ಟೆ (ಚೀಲ) ಕಟ್ಟಿದರೆ ಮದ್ದು ಬಿಡಬಹುದೇ?
– ತೀರ್ಥಹಳ್ಳಿ

ಉತ್ತರ: ಮಳೆಗೆ ಮೊದಲೇ, ಕೊನೆ ಒಣಗಿರುವಾಗ, ಕೆಳಬಾಯಿ ತೆರೆದಿಟ್ಟು ಕಟ್ಟಿದರೆ ಆ ಕೊನೆಗೆ ರಕ್ಷಣೆ ಸಿಗುತ್ತದೆ. ರೋಗ ತಗಲಿದ ಮೇಲೆ ಕಟ್ಟಿದರೆ ಒಳಗಿನ ತೇವ ಕೊಳೆಯನ್ನು ಹೆಚ್ಚಿಸುತ್ತದೆ. ಕೊಟ್ಟೆ ಕಾಯುವುದು ಕೊನೆಯನ್ನು ಮಾತ್ರ, ಸುಳಿಯನ್ನಲ್ಲ. ಕಟ್ಟುವ ಮೊದಲು ಒಂದು ಸುತ್ತು ಬೋರ್ಡೋ ಸುಳಿಗೂ ಸೇರುವಂತೆ ಹೊಡೆಸುವುದು ಲೇಸು.

ಪ್ರಶ್ನೆ: ಪದವಿಯ ಪ್ರಾಜೆಕ್ಟಿಗೆ ನೆಲನೆಲ್ಲಿಯ ಸಾರ ತೆಗೆಯುತ್ತಿದ್ದೇನೆ. ಜುಲೈಯಲ್ಲಿ ತಂದ ಗಿಡ ಬೂಷ್ಟು ಹಿಡಿಯಿತು. ಎರಡನೇ ಸಲ ಅಟ್ಟದ ಮೇಲೆ ಒಣಗಿಸಿದೆ. ಎರಡು ಸಲದ ಫಲಿತಾಂಶಕ್ಕೂ ತಾಳೆಯಿಲ್ಲ.
– ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಮೊದಲು ಗಿಡ ಅದೇ ಹೌದೇ ನೋಡಿ. ನೆಲನೆಲ್ಲಿ ಎಂದು ತರುವ ಹಿಡಿಯಲ್ಲಿ ಎರಡು ಮೂರು ಜಾತಿ ಬೆರೆತಿರುವುದು ಸಾಮಾನ್ಯ. ಎಲೆಯ ಸಾಲನ್ನು ಮಗುಚಿ ಕೆಳಗಿನ ಕಾಯಿಯನ್ನು ಲೆನ್ಸಿನಲ್ಲಿ ನೋಡಿ. ಕಾಯಿ ನುಣುಪಾಗಿ, ಸಣ್ಣ ತೊಟ್ಟಿನಲ್ಲಿ ಜೋತಿದ್ದರೆ, ಹೂವಿನಲ್ಲಿ ಐದು ಎಸಳಿದ್ದರೆ ಫಿಲಾಂತಸ್ ಅಮಾರಸ್. ಕಾಯಿ ತೊಟ್ಟಿಲ್ಲದೆ ಕಡ್ಡಿಗೇ ಅಂಟಿ, ಮೈ ತುಂಬ ಗುಳ್ಳೆಯಂತೆ ಒರಟಾಗಿದ್ದರೆ ಅದು ಫಿಲಾಂತಸ್ ಯೂರಿನೇರಿಯಾ. ಅದರ ಕಾಂಡ ಹೆಚ್ಚಾಗಿ ಕೆಂಪು. ಹೂವು ಕಾಯಿ ಇರುವ ಒಂದು ಗಿಡವನ್ನು ಒತ್ತಿ ಒಣಗಿಸಿ, ತಂದ ಜಾಗ ಮತ್ತು ದಿನಾಂಕ ಬರೆದು, ಸಸ್ಯಶಾಸ್ತ್ರ ವಿಭಾಗದಲ್ಲಿ ಗುರುತಿಸಿಕೊಂಡು ಇಡಿ. ಇದಿಲ್ಲದ ಫಲಿತಾಂಶವನ್ನು ಆಮೇಲೆ ಯಾರೂ ಪರಿಶೀಲಿಸಲಾರರು.

ಒಣಗಿಸುವ ವಿಷಯಕ್ಕೆ ಬಂದರೆ, ನೆರಳಿನಲ್ಲಿ ಒಣಗಿಸಿ ಎಂದು ಪುಸ್ತಕ ಹೇಳುವುದು ಒಣ ಗಾಳಿಯ ಊರಿಗೆ. ನಮ್ಮ ಮಳೆಗಾಲದ ನೆರಳಿನಲ್ಲಿ ಗಿಡ ಒಣಗುವುದಿಲ್ಲ, ಕೊಳೆಯುತ್ತದೆ. ಒಲೆಯ ಮೇಲಿನ ಅಟ್ಟ ಇನ್ನೂ ಅಪಾಯದ್ದು, ಏಕೆಂದರೆ ಕಟ್ಟಿಗೆಯ ಹೊಗೆಯಲ್ಲಿ ಫೀನಾಲುಗಳಿರುತ್ತವೆ. ಅವು ಎಲೆಗೆ ಕೂತರೆ ನೀವು ಅಳೆಯುವುದು ಗಿಡದ ಫೀನಾಲನ್ನೋ ಹೊಗೆಯದನ್ನೋ ಎಂದು ಬೇರ್ಪಡಿಸಲಾಗದು. ತೊಳೆದು, ನೀರು ಬಸಿದು, ಟ್ರೇ ಡ್ರೈಯರಿನಲ್ಲಿ 40ರಿಂದ 45 ಡಿಗ್ರಿಯಲ್ಲಿ ತೆಳ್ಳಗೆ ಹರಡಿ. ಕಡ್ಡಿ ಬಾಗದೆ ಚಟ್ಟನೆ ಮುರಿಯಬೇಕು. ಕೆಲವು ಗಂಟೆ ಬಿಟ್ಟು ಎರಡು ಸಲ ತೂಗಿದಾಗ ತೂಕ ಒಂದೇ ಬರಬೇಕು.

25 ಗ್ರಾಂ ಪುಡಿಗೆ 250 ಮಿಲಿ ಮೆಥನಾಲ್ ಇಟ್ಟು, ಸಾರ ತೆಗೆಯುವ ಉಪಕರಣವಾದ ಸಾಕ್ಸ್‌ಲೆಟ್‌ನ ಸೈಫನ್ ನಳಿಗೆಯಲ್ಲಿ ಇಳಿಯುವ ದ್ರವ ಬಣ್ಣವಿಲ್ಲದಂತಾಗುವವರೆಗೆ ನಡೆಸಿ. ಆರೆಂಟು ಗಂಟೆ ಹಿಡಿಯಬಹುದು. ಮೆಥನಾಲ್ ಕಣ್ಣು ತೆಗೆಯುವ ವಿಷ, ಬೆಂಕಿಗೂ ಹತ್ತಿಕೊಳ್ಳುತ್ತದೆ, ತೆರೆದ ಜ್ವಾಲೆ ಬೇಡ. ಸಾರವನ್ನು 45 ಡಿಗ್ರಿ ಮೀರದಂತೆ ಇಂಗಿಸಿ ತೂಗಿ. 3.2 ಗ್ರಾಂ ಬಂದರೆ ಇಳುವರಿ ಶೇ. 12.8.

ಉತ್ಕರ್ಷಣ ನಿರೋಧಕ ಗುಣ ಅಳೆಯುವ ಡಿಪಿಪಿಎಚ್ ಪರೀಕ್ಷೆಗೆ 3.94 ಮಿಗ್ರಾಂ ಡಿಪಿಪಿಎಚ್ ಪುಡಿಯನ್ನು 100 ಮಿಲಿ ಮೆಥನಾಲಿನಲ್ಲಿ ಕರಗಿಸಿದರೆ 0.1 ಮಿಲಿಮೋಲಾರ್. ಇದಕ್ಕೆ ಸಾರ ಸೇರಿಸಿ ಕತ್ತಲೆಯಲ್ಲಿ 30 ನಿಮಿಷ ಇಟ್ಟು 517 ನ್ಯಾನೋಮೀಟರಿನಲ್ಲಿ ಓದಿ. ಎಲೆಯ ಸಾರಕ್ಕೆ ತನ್ನದೇ ಬಣ್ಣವಿದೆ. ಆದ್ದರಿಂದ ಪ್ರತಿ ಸಾಂದ್ರತೆಗೂ ಡಿಪಿಪಿಎಚ್ ಹಾಕದ, ಬರೀ ಸಾರ ಮತ್ತು ಮೆಥನಾಲಿನ ನಳಿಗೆಯೊಂದನ್ನು ಇಟ್ಟು ಅದರ ಓದನ್ನು ಕಳೆಯಿರಿ. ಬ್ಯಾಕ್ಟೀರಿಯಾದ ಡಿಸ್ಕ್ ಪರೀಕ್ಷೆ ಮಾಡುವುದಾದರೆ ಸಾರ ಕರಗಿಸಲು ಬಳಸಿದ ದ್ರಾವಕ ಡಿಎಂಎಸ್‌ಒ ಒಂದನ್ನೇ ಹಾಕಿದ ಡಿಸ್ಕ್ ತಟ್ಟೆಯಲ್ಲಿ ಇರಲೇಬೇಕು.

ಪ್ರಶ್ನೆ: ಕಾಮಾಲೆಗೆ ನೆಲನೆಲ್ಲಿ ರಸ ಕುಡಿದು ಗುಣವಾದವರು ನಮ್ಮೂರಲ್ಲಿ ಬಹಳ ಮಂದಿ. ವಿಜ್ಞಾನ ಏಕೆ ಒಪ್ಪುವುದಿಲ್ಲ?
– ಸಾಗರ

ಉತ್ತರ: ವಿಜ್ಞಾನ ಇದನ್ನು ಕಡೆಗಣಿಸಿಲ್ಲ. ಮದರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಪಟೈಟಿಸ್ ಬಿ ವೈರಸ್ ಹೊತ್ತವರಿಗೆ ಫಿಲಾಂತಸ್ ಅಮಾರಸ್ ಪುಡಿಯನ್ನು 200 ಮಿಗ್ರಾಂನಂತೆ ದಿನಕ್ಕೆ ಮೂರು ಸಲ, 30 ದಿನ ಕೊಟ್ಟರು. ಪುಡಿ ಪಡೆದ 37 ಜನರಲ್ಲಿ 22 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಕಾಣಿಸಲಿಲ್ಲ. ಬರೀ ತೋರಿಕೆಯ ಮಾತ್ರೆ ಪಡೆದ 23 ಜನರಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು. ದೇಶ ವಿದೇಶಗಳಲ್ಲಿ ಆಸೆ ಹುಟ್ಟಿಸಿದ ಫಲಿತಾಂಶ ಅದು. ಆದರೆ ಬೇರೆ ಕಡೆ ಮಾಡಿ ನೋಡಿದಾಗ ಅದು ಮರುಕಳಿಸಲಿಲ್ಲ.

ಊರಲ್ಲಿ ಗುಣವಾದವರ ವಿಷಯ: ನೀರಿನಿಂದ ಬರುವ ಹೆಪಟೈಟಿಸ್ ಎ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ರಸ ಕುಡಿದರೂ ಇಳಿಯುತ್ತದೆ, ಕುಡಿಯದಿದ್ದರೂ. ಅಪಾಯ ಇರುವುದು ಬಿ ಸೋಂಕು, ಪಿತ್ತನಾಳದ ಕಲ್ಲು, ಇಲಿಜ್ವರ ಇವುಗಳಲ್ಲಿ. ಇವಕ್ಕೂ ಕಣ್ಣು ಹಳದಿಯಾಗುತ್ತದೆ, ಕಾಯುತ್ತ ಕೂತರೆ ಜೀವಕ್ಕೆ ಸಂಚಕಾರ. ಗದ್ದೆ ಕೆಲಸದ ದಿನಗಳಲ್ಲಿ ಜ್ವರದ ಜೊತೆ ಕಣ್ಣು ಹಳದಿಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಯಕೃತ್ತಿನ ಪರೀಕ್ಷೆ, ಬಿ ವೈರಸ್ಸಿನ ಪರೀಕ್ಷೆ ಮಾಡಿಸಿ. ಮನೆಯಲ್ಲಿ ರಸ ಕುಡಿದಿದ್ದರೆ ವೈದ್ಯರಿಗೆ ಮುಚ್ಚಿಡಬೇಡಿ.

ಪ್ರಶ್ನೆ: ಸೋಲ್-ಜೆಲ್ (ದ್ರಾವಣವನ್ನು ಜೆಲ್ ಆಗಿಸಿ ಪದರ ಮಾಡುವ) ವಿಧಾನದಲ್ಲಿ ಗಾಜಿನ ಮೇಲೆ ಜಿಂಕ್ ಆಕ್ಸೈಡ್ ತೆಳುಪದರ ಮಾಡುತ್ತಿದ್ದೇನೆ. ಬೇಸಿಗೆಯಲ್ಲಿ ಪಾರದರ್ಶಕವಾಗಿ ಬರುತ್ತಿದ್ದದ್ದು ಮಳೆಗಾಲದಲ್ಲಿ ಬೆಳ್ಳಗಾಗಿ ಪುಡಿಪುಡಿಯಾಗಿ ಏಳುತ್ತಿದೆ. ಕಣದ ಗಾತ್ರದ ಲೆಕ್ಕವೂ 0.36 ನ್ಯಾನೋಮೀಟರ್ ಎಂದು ಬರುತ್ತಿದೆ.
– ಭೌತಶಾಸ್ತ್ರ ಎಂ.ಎಸ್ಸಿ. ವಿದ್ಯಾರ್ಥಿ, ಭದ್ರಾವತಿ

ಉತ್ತರ: ಬೆಳ್ಳಗಾಗುವುದಕ್ಕೆ ಮುಖ್ಯ ಕಾರಣ ಗಾಳಿಯ ತೇವ. ಪದರ ಗಟ್ಟಿಯಾಗುವ ಮೊದಲೇ ನೀರು ಹೀರಿದರೆ ಸತುವಿನ ಲವಣ ದಪ್ಪ ಕಣಗಳಾಗಿ ಒತ್ತರಿಸುತ್ತದೆ.

25 ಮಿಲಿ, 0.5 ಮೋಲಾರ್ ದ್ರಾವಣಕ್ಕೆ ಜಿಂಕ್ ಅಸಿಟೇಟ್ ಡೈಹೈಡ್ರೇಟ್ 2.74 ಗ್ರಾಂ, ಮೊನೊಎಥನಾಲಮೈನ್ 0.76 ಗ್ರಾಂ (ಸುಮಾರು 0.75 ಮಿಲಿ) ತೆಗೆದುಕೊಂಡು, 2-ಮೆಥಾಕ್ಸಿಎಥನಾಲ್ ಹಾಕಿ 25 ಮಿಲಿಗೆ ತನ್ನಿ. ಮೊನೊಎಥನಾಲಮೈನ್ ಸತುವಿನಷ್ಟೇ ಮೋಲ್ ಇರಬೇಕು. ಕಡಿಮೆಯಾದರೆ ದ್ರಾವಣ ಹಾಲಾಗುತ್ತದೆ. 60 ಡಿಗ್ರಿಯಲ್ಲಿ ಎರಡು ಗಂಟೆ ಕಲಕಿ, ಮುಚ್ಚಳ ಬಿಗಿದು ಒಂದು ದಿನ ಬಿಟ್ಟು, ಬಳಸುವ ಮುನ್ನ 0.45 ಮೈಕ್ರಾನ್ ಸಿರಿಂಜ್ ಫಿಲ್ಟರಿನಲ್ಲಿ ಸೋಸಿ. ಈ ದ್ರಾವಕ ಸಂತಾನಶಕ್ತಿಗೂ ಗರ್ಭಕ್ಕೂ ಹಾನಿ ಮಾಡುವಂಥದ್ದು. ಫ್ಯೂಮ್ ಹುಡ್ ಕೆಟ್ಟಿದ್ದರೆ ಆ ದಿನ ಪ್ರಯೋಗ ನಿಲ್ಲಿಸಿ.

ಗಾಜನ್ನು ಸೋಪು ನೀರು, ಡಿಸ್ಟಿಲ್ಡ್ ನೀರು, ಅಸಿಟೋನ್, ಐಸೊಪ್ರೊಪೈಲ್ ಆಲ್ಕೋಹಾಲ್ ಎಂದು ಸರದಿಯಲ್ಲಿ ತಲಾ ಹತ್ತು ನಿಮಿಷ ಸೋನಿಕೇಟರಿನಲ್ಲಿ ತೊಳೆಯಿರಿ. ಕೊನೆಗೆ ಡಿಸ್ಟಿಲ್ಡ್ ನೀರು ಬಿಟ್ಟಾಗ ಅದು ಹಾಳೆಯಂತೆ ಹರಡಬೇಕು. ಹನಿಹನಿಯಾಗಿ ನಿಂತರೆ ಜಿಡ್ಡು ಹೋಗಿಲ್ಲ, ಪದರ ಏಳುವುದು ಅಲ್ಲಿಂದಲೇ. ಆಮೇಲೆ ಹಾಟ್ ಪ್ಲೇಟಿನಲ್ಲಿ ಒಣಗಿಸಿ ಬಳಸಿ.

ಪದರ ಹಾಕುವುದು ಗಾಜನ್ನು ತಿರುಗಿಸುವ ಸ್ಪಿನ್ ಯಂತ್ರದಲ್ಲಿ, ನಿಮಿಷಕ್ಕೆ 3000 ಸುತ್ತಿನಲ್ಲಿ 30 ಸೆಕೆಂಡ್. ಹಾಟ್ ಪ್ಲೇಟ್ ಮೊದಲೇ ಕಾದು ಪಕ್ಕದಲ್ಲಿ ಸಿದ್ಧವಿರಲಿ. ಸ್ಪಿನ್ ನಿಂತ ಕೂಡಲೇ ಗಾಜನ್ನು ಅದರ ಮೇಲಿಟ್ಟು 300 ಡಿಗ್ರಿಯಲ್ಲಿ ಹತ್ತು ನಿಮಿಷ ಬಿಡಿ. ಮಳೆಗಾಲದಲ್ಲಿ ಈ ನಡುವಿನ ಅರ್ಧ ನಿಮಿಷವೇ ಪದರವನ್ನು ಕೆಡಿಸಬಲ್ಲದು. ಕಾಯುವ ಗಾಜುಗಳನ್ನು ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿಡಿ. ದಪ್ಪ ಬೇಕೆಂದು ದ್ರಾವಣವನ್ನೇ ಗಟ್ಟಿ ಮಾಡಬೇಡಿ, ಬಿರುಕು ಬಿಡುತ್ತದೆ. ತೆಳ್ಳಗೆ ಆರೇಳು ಸಲ ಹಾಕಿ, ಪ್ರತಿ ಸಲವೂ ಒಣಗಿಸಿ. ಕೊನೆಯಲ್ಲಿ ಫರ್ನೇಸಿನಲ್ಲಿ ನಿಮಿಷಕ್ಕೆ 5 ಡಿಗ್ರಿಯಂತೆ ಏರಿಸಿ 450 ಡಿಗ್ರಿಯಲ್ಲಿ ಒಂದು ಗಂಟೆ. ಒಳಗಿನ ಶಾಖ 100ಕ್ಕಿಂತ ಇಳಿಯುವವರೆಗೆ ಬಾಗಿಲು ತೆರೆಯಬೇಡಿ. ಸಾಧಾರಣ ಸ್ಲೈಡ್ ಗಾಜನ್ನು 500ರ ಆಚೆ ಒಯ್ದರೆ ಬಾಗುವ ಭಯವಿದೆ, ಗಾಜಿನ ಸೋಡಿಯಂ ಪದರಕ್ಕೂ ಏರುತ್ತದೆ.

ಇನ್ನು ಲೆಕ್ಕ. ಎಕ್ಸ್-ಕಿರಣ ವಿವರ್ತನೆಯ ಶಿಖರದಿಂದ ಹರಳಿನ ಗಾತ್ರ ತಿಳಿಸುವ ಷೆರರ್ ಸೂತ್ರದಲ್ಲಿ ಶಿಖರದ ಅಗಲವನ್ನು ರೇಡಿಯನ್ನಿನಲ್ಲಿ ಹಾಕಬೇಕು, ನೀವು ಡಿಗ್ರಿಯಲ್ಲೇ ಹಾಕಿದ್ದೀರಿ. 34.4 ಡಿಗ್ರಿಯ ಶಿಖರದ ಅಗಲ 0.4 ಡಿಗ್ರಿ ಎಂದಿಟ್ಟುಕೊಳ್ಳಿ. ಅದು 0.00698 ರೇಡಿಯನ್. ಕೋನದ ಅರ್ಧ 17.2 ಡಿಗ್ರಿ, ಅದರ ಕೊಸೈನ್ 0.955. ತಾಮ್ರದ ಎಕ್ಸ್-ಕಿರಣದ ತರಂಗಾಂತರ 0.15406 ನ್ಯಾನೋಮೀಟರ್. 0.9ನ್ನು ಇದರಿಂದ ಗುಣಿಸಿ ರೇಡಿಯನ್ ಅಗಲ ಮತ್ತು ಕೊಸೈನ್ ಇವೆರಡರ ಗುಣಲಬ್ಧದಿಂದ ಭಾಗಿಸಿದರೆ ಸುಮಾರು 21 ನ್ಯಾನೋಮೀಟರ್. ಡಿಗ್ರಿಯಲ್ಲಿ ಹಾಕಿದರೆ ನಿಮ್ಮ 0.36 ಬರುತ್ತದೆ. ಜಿಂಕ್ ಆಕ್ಸೈಡಿನ ಒಂದು ಘಟಕಕೋಶದ ಎತ್ತರವೇ 0.52 ನ್ಯಾನೋಮೀಟರ್ ಇರುವಾಗ ಹರಳು ಅದಕ್ಕಿಂತ ಚಿಕ್ಕದಿರಲು ಸಾಧ್ಯವಿಲ್ಲ. ಯಂತ್ರದಿಂದಲೇ ಬರುವ ಅಗಲವನ್ನು ಸಿಲಿಕಾನ್ ಪುಡಿಯ ಶಿಖರದಿಂದ ಅಳೆದು ಕಳೆದ ಮೇಲೆಯೇ ಆ 21 ಕೂಡ ಬರೆಯಲು ಯೋಗ್ಯ.