ಒಬ್ಬರೇ ವಕೀಲರು ಇಬ್ಬರಿಗೂ ಸಾಕೇ?
ಪತಿ ಗೊತ್ತುಮಾಡಿದ ವಕೀಲರೇ ನಿಮ್ಮ ಪರವಾಗಿಯೂ ವಿಚ್ಛೇದನದ ಕಾಗದಪತ್ರ ಸಿದ್ಧಪಡಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಒಪ್ಪಬೇಡಿ, ಪರಸ್ಪರ ಸಮ್ಮತಿಯಿಂದಲೇ ಬೇರೆಯಾಗುತ್ತಿದ್ದರೂ ಜೀವನಾಂಶ, ಆಸ್ತಿ ಹಾಗೂ ಮಗುವಿನ ಪಾಲನೆಯ ವಿಷಯದಲ್ಲಿ ನಿಮ್ಮ ಹಿತವೂ ಅವರ ಹಿತವೂ ಒಂದೇ ಆಗಿರುವುದಿಲ್ಲ, ಆ ವಕೀಲರು ಮೊದಲು ನೋಡುವುದು ತಮ್ಮನ್ನು ನೇಮಿಸಿಕೊಂಡವರ ಹಿತವನ್ನೇ. ಕೌಟುಂಬಿಕ ಪ್ರಕರಣಗಳನ್ನೇ ಹೆಚ್ಚಾಗಿ ನಡೆಸುವ ವಕೀಲರನ್ನು ಹುಡುಕಿ, ವಿಚಾರಣೆಯ ದಿನ ತಾವೇ ಹಾಜರಾಗುತ್ತಾರೋ ಅಥವಾ ಕಿರಿಯರನ್ನು ಕಳಿಸುತ್ತಾರೋ ಎಂಬುದನ್ನು ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿ. ಶುಲ್ಕದ ವಿವರ ಬರಹದಲ್ಲಿರಲಿ. ಮಗು ಖಂಡಿತ ನಿಮಗೇ ಸಿಗುತ್ತದೆ ಎಂದು ಮಾತು ಕೊಡುವವರನ್ನು ನಾನಂತೂ ನಂಬುವುದಿಲ್ಲ. ಮಗುವಿನ ಕ್ಷೇಮವನ್ನು ತೂಗಿನೋಡಿ ಅದನ್ನು ತೀರ್ಮಾನಿಸುವುದು ನ್ಯಾಯಾಲಯ. ಸಂಬಳದ ಚೀಟಿ, ಬ್ಯಾಂಕ್ ಖಾತೆಯ ವಿವರ, ಸಾಲಪತ್ರಗಳ ಪ್ರತಿಗಳನ್ನು ಈಗಲೇ ತೆಗೆದಿಟ್ಟುಕೊಳ್ಳಿ. ನಿಮ್ಮದೇ ವಕೀಲರು ಓದಿ ನೋಡುವವರೆಗೆ ಯಾವ ಕರಡು ಪತ್ರಕ್ಕೂ ಸಹಿ ಹಾಕಬೇಡಿ.