8ನೇ ತರಗತಿಗೆ ಹೊಸದಾಗಿ ಬಂದ ಮಕ್ಕಳಿಗೆ ಶಾಲೆಯ ಲೈಬ್ರರಿ ಪರಿಚಯಿಸುವುದು ಹೇಗೆ?

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾಗಿದ್ದು ಇಷ್ಟು. ಚಿತ್ತಾಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆ, ಹೊಸ ನೌಕರಿ, ಬಂದ ಕೂಡಲೇ ಗ್ರಂಥಾಲಯದ ಚಾರ್ಜ್ ನಿಮ್ಮ ಕೊರಳಿಗೆ ಬಿದ್ದಿದೆ. ಮೂರು ಅಲಮಾರಿ, ಸುಮಾರು 600 ಪುಸ್ತಕ. ಸುತ್ತಲಿನ ಹಳ್ಳಿ, ತಾಂಡಾಗಳಿಂದ ಬಂದ 8ನೇ ತರಗತಿ ಮಕ್ಕಳಿಗೆ ಒಂದು ಪಿರಿಯಡ್‌ನಲ್ಲಿ ಲೈಬ್ರರಿ ಪರಿಚಯ ಮಾಡಿಸಬೇಕು. ಏನೇನು ಹೇಳಬೇಕು, ಪುಸ್ತಕ ಕಳೆದರೆ ಏನು ಗತಿ, ಓದಿದ್ದಕ್ಕೆ ಪರೀಕ್ಷೆ ಇಡಬೇಕಾ ಅಂತ ಕೇಳಿದ್ದೀರಿ. ನಾನು ಯಾದಗಿರಿ ಜಿಲ್ಲೆಯಲ್ಲಿ ಕನ್ನಡ ಕಲಿಸುತ್ತೇನೆ, ನಮ್ಮ ಶಾಲೆಯ ಅಲಮಾರಿಯ ಕೀಲಿಕೈ ನನ್ನ ಹತ್ತಿರವೇ ಇರುತ್ತದೆ.

ಮೊದಲ ದಿನ ಭಾಷಣ ಬೇಡ. ಗ್ರಂಥಾಲಯದ ಮಹತ್ವ, ಮೌನ ಕಾಪಾಡಬೇಕು, ಪುಟ ಮಡಚಬಾರದು, ಇದೆಲ್ಲ ಆಮೇಲೆ. ಆ ಪಿರಿಯಡ್ ಮುಗಿಯುವ ಹೊತ್ತಿಗೆ ಪ್ರತಿಯೊಬ್ಬರ ಚೀಲದಲ್ಲಿ ಒಂದು ಪುಸ್ತಕ ಇರಬೇಕು, ಅದು ಅಂದೇ ಮನೆಗೆ ಹೋಗಬೇಕು. ಉಳಿದದ್ದೆಲ್ಲ ಇದಕ್ಕಿಂತ ಸಣ್ಣದು.

ಯಾಕೆಂದರೆ ಈ ಮಕ್ಕಳಲ್ಲಿ ಬಹಳ ಜನ ಹಿಂದಿನ ಶಾಲೆಯಲ್ಲಿ ಪುಸ್ತಕಗಳನ್ನು ಅಲಮಾರಿಯ ಗಾಜಿನ ಆಚೆಯಿಂದಲೇ ನೋಡಿರುತ್ತಾರೆ. "ಇದನ್ನ ಮನಿಗಿ ಒಯ್ಬಹುದೇನ್ರಿ ಸರ್?" ಅಂತ ನಂಬಿಕೆ ಬರದೆ ಕೇಳುತ್ತಾರೆ. ಹೌದು ಅನ್ನಿ, ರಿಜಿಸ್ಟರ್ ಮುಂದಿಡಿ.

ಅದಕ್ಕೆ ಹಿಂದಿನ ದಿನ ಸ್ವಲ್ಪ ಕೆಲಸ ಇದೆ. ಅಲಮಾರಿ ಪೂರ್ತಿ ಖಾಲಿ ಮಾಡಿ. ಹಳೇ ಗೈಡು, ತರಬೇತಿ ಕೈಪಿಡಿ, ಸುತ್ತೋಲೆಗಳ ಕಟ್ಟು ಅರ್ಧ ಜಾಗ ತಿಂದಿರುತ್ತವೆ, ಅವನ್ನು ಆಫೀಸಿಗೆ ಸಾಗಿಸಿ. ಉಳಿದವುಗಳಲ್ಲಿ ಮಕ್ಕಳು ಕೈ ಹಾಕುವಂಥ ನೂರು ನೂರೈವತ್ತು ಆರಿಸಿ, ನೆಲದ ಮೇಲೆ ಜಮಖಾನೆ ಹಾಸಿ, ಮುಖಪುಟ ಮೇಲೆ ಕಾಣುವ ಹಾಗೆ ಹರಡಿ. ಬೆನ್ನು ಮಾತ್ರ ಕಾಣುವ ಹಾಗೆ ಒತ್ತೊತ್ತಾಗಿ ನಿಲ್ಲಿಸಿದ ಪುಸ್ತಕ ಹೊಸ ಓದುಗರಿಗೆ ಏನೂ ಹೇಳುವುದಿಲ್ಲ. ಮಕ್ಕಳು ಸುತ್ತ ಕೂರಲಿ, ಎತ್ತಲಿ, ಇಡಲಿ, ಕಸಿದುಕೊಳ್ಳಲಿ. ಗದ್ದಲ ಆಗುತ್ತದೆ. ಆಗಲಿ.

ಚಿತ್ರಪುಸ್ತಕಗಳನ್ನು ಚಿಕ್ಕವರದ್ದು ಅಂತ ಪಕ್ಕಕ್ಕಿಡಬೇಡಿ. 8ನೇ ತರಗತಿಯಲ್ಲೂ ಒಂದು ಪ್ಯಾರಾ ಸರಾಗವಾಗಿ ಓದಲು ಬಾರದ ಮಕ್ಕಳು ಇದ್ದೇ ಇರುತ್ತಾರೆ. ಮನೆಯಲ್ಲಿ ಲಂಬಾಣಿ, ಉರ್ದು, ಸೇಡಂ ಗುರುಮಠಕಲ್ ಕಡೆ ತೆಲುಗು, ಆಳಂದ ಕಡೆ ಮರಾಠಿ ಮಾತಾಡುವವರಿಗೆ ಪುಸ್ತಕದ ಕನ್ನಡ ಇನ್ನಷ್ಟು ದೂರ. ಆದರೆ ಗೆಳೆಯರ ಮುಂದೆ ದೊಡ್ಡ ಅಕ್ಷರದ ಪುಸ್ತಕ ಎತ್ತಿಕೊಳ್ಳಲು ಅವರಿಗೆ ನಾಚಿಕೆ. ಇದಕ್ಕೊಂದು ಉಪಾಯ ಇದೆ. "ಮನೆಯಲ್ಲಿ ತಮ್ಮನಿಗೋ ತಂಗಿಗೋ ಓದಿ ಹೇಳಲು ಎಲ್ಲರೂ ಒಂದೊಂದು ಸಣ್ಣ ಪುಸ್ತಕ ತಗೊಳ್ರಿ" ಅಂತ ಇಡೀ ತರಗತಿಗೆ ಹೇಳಿ. ಆಗ ಯಾರಿಗಾಗಿ ಒಯ್ಯುತ್ತಿದ್ದಾರೆ ಅಂತ ಯಾರೂ ಕೇಳುವುದಿಲ್ಲ. ಇಂಥ ಪುಸ್ತಕ ನಿಮ್ಮಲ್ಲಿ ಕಡಿಮೆ ಇದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ. ಪ್ರಿಂಟ್ ತೆಗೆದು ಸ್ಟೇಪ್ಲರ್ ಹೊಡೆದರೆ ಆಯಿತು.

ಈಗ ಕಳೆದುಹೋಗುವ ಭಯದ ಮಾತು. ನಿಜವಾದ ಸಮಸ್ಯೆ ಮಕ್ಕಳಲ್ಲ, ಸ್ಟಾಕ್ ರಿಜಿಸ್ಟರ್. ಮುಂದೆ ಚಾರ್ಜ್ ಕೊಡುವಾಗ ಲೆಕ್ಕ ಹೊಂದದಿದ್ದರೆ ತಮ್ಮ ಸಂಬಳದಿಂದ ಹೋಗುತ್ತದೆ ಅಂತ ಮಾಸ್ತರರು ಬೀಗ ಹಾಕುತ್ತಾರೆ. ಬೈಯುವ ಹಾಗೂ ಇಲ್ಲ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೇ ನಿಯಮ ಓದಿ ನೋಡಿ. ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1000 ಪುಸ್ತಕಕ್ಕೆ 5 ಹೋದರೆ ಅದು ಸಹಜ ನಷ್ಟ ಎನ್ನುತ್ತದೆ, ಮೋಸ ಅಥವಾ ಬೇಜವಾಬ್ದಾರಿ ಇರಬಾರದು ಅಷ್ಟೇ. 1000 ರೂಪಾಯಿಗಿಂತ ಜಾಸ್ತಿ ಬೆಲೆಯದ್ದು ಅಥವಾ ಅಪರೂಪದ ಪುಸ್ತಕ ಹೋದರೆ ಮಾತ್ರ ವಿಚಾರಣೆ ಆಗಲೇಬೇಕು. ಇದು ಕೇಂದ್ರದ ಕಚೇರಿಗಳ ನಿಯಮ, ನಿಮ್ಮ ಶಾಲೆಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಹೆಡ್‌ಮಾಸ್ತರರ ಜೊತೆ ಮಾತಾಡುವಾಗ ಕೈಯಲ್ಲಿರಲಿ. ಸರ್ಕಾರವೇ ಪುಸ್ತಕ ಹೋಗುತ್ತದೆ ಅಂತ ಒಪ್ಪಿಕೊಂಡಿದೆ ಅಲ್ವಾ? ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಪುಸ್ತಕ ಮನೆಗೆ ಕೊಡುವ ವಿಷಯ ಇಟ್ಟು, ನಡಾವಳಿಯಲ್ಲಿ ಬರೆಸಿಬಿಡಿ. ಆಗ ಭಾರ ನಿಮ್ಮೊಬ್ಬರ ಮೇಲೆ ಇರುವುದಿಲ್ಲ.

ಪುಸ್ತಕ ಇರುವುದು ಬಳಸಲಿಕ್ಕೆ ಅಂತ ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೊದಲನೆಯದಾಗಿ ಹೇಳಿದ್ದರು. ಅವರ ಹುಟ್ಟುಹಬ್ಬ ಆಗಸ್ಟ್ 12, ಗ್ರಂಥಪಾಲಕರ ದಿನ. ಅವತ್ತು ಫೋಟೋಕ್ಕೆ ಹಾರ ಹಾಕಿ ಮತ್ತೆ ಬೀಗ ಹಾಕುವುದು ನಮ್ಮಲ್ಲಿ ಅಪರೂಪ ಏನಲ್ಲ!

ವಾಪಸ್ ತರುವ ದಿನವನ್ನು ಬಿಗಿಯಾಗಿ ಹಿಡಿಯಬೇಡಿ, ದಂಡವಂತೂ ಬೇಡವೇ ಬೇಡ. ಹತ್ತಿ ಬಿಡಿಸುವಾಗ, ತೊಗರಿ ರಾಶಿ ಮಾಡುವಾಗ ಹಾಜರಾತಿಯೇ ಇರುವುದಿಲ್ಲ, ಪುಸ್ತಕ ಎಲ್ಲಿಂದ ಬರಬೇಕು? ಕೆಲವು ಮನೆಯವರು ಬೆಂಗಳೂರಿಗೆ ದುಡಿಯಲು ಹೋಗುವಾಗ ಮಕ್ಕಳನ್ನೂ ಕರೆದುಕೊಂಡು ಹೋಗುತ್ತಾರೆ. ಆ ಮಗುವಿನ ಜೊತೆ ಪುಸ್ತಕವೂ ಹೋಯಿತು ಅನ್ನಿ, ನನಗಂತೂ ಅದು ನಷ್ಟ ಅನ್ನಿಸುವುದಿಲ್ಲ. ಕೊಟ್ಟ, ತಂದ ಲೆಕ್ಕ ಬರೆಯುವ ಕೆಲಸ 9ನೇ ತರಗತಿಯ ಇಬ್ಬರಿಗೆ ಕೊಡಿ. ಅವರು ನಮಗಿಂತ ಚೆನ್ನಾಗಿ ವಸೂಲಿ ಮಾಡುತ್ತಾರೆ.

ಹುಡುಕುವುದನ್ನು ಎರಡನೇ ಮೂರನೇ ವಾರದಿಂದ ಕಲಿಸಿ. ಮೊದಲು ನಿಘಂಟು. ವರ್ಣಮಾಲೆ ಬಾಯಿಪಾಠ ಇರುವ ಮಕ್ಕಳೂ ಇಲ್ಲಿ ತಡವರಿಸುತ್ತಾರೆ. "ಗಂಗಾಳ" ಹುಡುಕಿ ಅಂದರೆ ಗಕಾರದ ಕೊನೆಗೆ ಹೋಗುತ್ತಾರೆ. ಕಾಗುಣಿತದಲ್ಲಿ "ಗಂ" ಬರುವುದು ಕೊನೆಗೇ ತಾನೆ? ನಿಘಂಟಿನಲ್ಲಿ ಸೊನ್ನೆ ಇರುವ ಪದಗಳು ಮೊದಲು. ಗಂಗಾಳ, ಗಂಟೆ ಎಲ್ಲ ಮುಗಿದ ಮೇಲೆ ಗಗನ. ಒತ್ತಕ್ಷರದಿಂದ ಶುರುವಾಗುವವು ಕೊನೆಗೆ: ಗೌರವ ದಾಟಿದ ಮೇಲೆ ಗ್ರಹಣ. ಇಷ್ಟನ್ನು ಕರಿಹಲಗೆ ಮೇಲೆ ಬರೆದು ಇಬ್ಬಿಬ್ಬರಿಗೆ ಒಂದು ನಿಘಂಟು ಕೊಟ್ಟು ಪಂದ್ಯ ಇಡಿ. ಇದನ್ನು ಯಾವ ಪಾಠದಲ್ಲೂ ಸರಿಯಾಗಿ ಹೇಳಿಕೊಡುವುದಿಲ್ಲ ಅನ್ನುವುದು ನನ್ನ ತಕರಾರು.

ಆಮೇಲೆ ಅಟ್ಲಾಸ್. ಹಿಂದಿನ ಪುಟಗಳ ಸೂಚಿಯಲ್ಲಿ ನಿಮ್ಮ ತಾಲ್ಲೂಕಿನ ವಾಡಿ ಊರು ಇದೆಯಾ ನೋಡಲು ಹೇಳಿ. ಮಹಾರಾಷ್ಟ್ರದ ಭೀಮಾಶಂಕರದಿಂದ ಹಿಡಿದು ಕೃಷ್ಣೆಗೆ ಸೇರುವ ತನಕ ಭೀಮಾ ನದಿಯ ಮೇಲೆ ಬೆರಳಾಡಿಸಲಿ. ನಿಮಗೆ ಸನ್ನತಿ ಹತ್ತಿರವೇ ಇದೆ. ಅಲ್ಲಿನ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೆತ್ತಿದ ಶಿಲ್ಪ ಸಿಕ್ಕಿದೆ. ಪಠ್ಯಪುಸ್ತಕ ಬಿಟ್ಟು ಬೇರೆ ಯಾವ ಪುಸ್ತಕದಲ್ಲಿ ಅದರ ಸುದ್ದಿ ಇದೆ ಅಂತ ಹುಡುಕಲು ಬಿಡಿ. ಪರಿವಿಡಿ ನೋಡುವುದನ್ನು ಅವರು ತಾವೇ ಕಲಿಯುತ್ತಾರೆ.

600 ಪುಸ್ತಕಕ್ಕೆ, ವಿಷಯಕ್ಕೊಂದು ಸಂಖ್ಯೆ ಕೊಟ್ಟು ವಿಂಗಡಿಸುವ ಡ್ಯೂಯಿ ಪದ್ಧತಿ ಬೇಕಿಲ್ಲ. ಬೆನ್ನಿಗೆ ಬಣ್ಣದ ಟೇಪ್ ಸಾಕು: ಕಥೆಗೆ ಕೆಂಪು, ವಿಜ್ಞಾನಕ್ಕೆ ಹಸಿರು, ಹೀಗೆ. ಆದರೆ ಒಂದು ದಿನ ಅದರ ಸುದ್ದಿ ಹೇಳಿ. 1876ರಲ್ಲಿ ಮೆಲ್ವಿಲ್ ಡ್ಯೂಯಿ ಪುಸ್ತಕಲೋಕವನ್ನು ಹತ್ತು ಭಾಗ ಮಾಡಿದ, 500 ಅಂದರೆ ವಿಜ್ಞಾನ, 800 ಸಾಹಿತ್ಯ, ಅದರಲ್ಲಿ ನಮ್ಮ ಕನ್ನಡ ಸಾಹಿತ್ಯದ ಸಂಖ್ಯೆ 894.814 ಅಂತ. ಕಾಲೇಜಿಗೆ ಹೋದಾಗ ಈ ಸಂಖ್ಯೆ ಕಂಡರೆ ಗಾಬರಿ ಆಗುವುದಿಲ್ಲ.

ಒಂದು ಮಧ್ಯಾಹ್ನ ಗ್ರಾಮ ಪಂಚಾಯ್ತಿ ಲೈಬ್ರರಿಗೂ ನಡೆಸಿಕೊಂಡು ಹೋಗಿ, ಈಗ ಅದಕ್ಕೆ ಅರಿವು ಕೇಂದ್ರ ಅನ್ನುತ್ತಾರೆ. 2020ರಲ್ಲಿ ಶುರುವಾದ "ಓದುವ ಬೆಳಕು" ಕಾರ್ಯಕ್ರಮದಡಿ 6ರಿಂದ 18 ವರ್ಷದವರಿಗೆ ಅಲ್ಲಿ ಸದಸ್ಯತ್ವ ಉಚಿತ. ಬೇಸಿಗೆ ರಜೆಯಲ್ಲಿ ನಿಮ್ಮ ಅಲಮಾರಿಗೆ ಬೀಗ ಬಿದ್ದಾಗ ಅದೇ ಗತಿ.

ಪರೀಕ್ಷೆ ಇಡಬೇಡಿ. ಸಾರಾಂಶ ಬರೆದು ತಾ ಅಂದರೆ ಹಿಂಬದಿಯ ರಟ್ಟಿನ ಮೇಲಿರುವುದನ್ನು ಇಳಿಸಿಕೊಂಡು ಬರುತ್ತಾರೆ. ಅಂಕ ಕೊಡಲೇಬೇಕಾದರೆ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆ ಇದೆಯಲ್ಲ, ಓದಿದ ಪುಸ್ತಕದ ಬಗ್ಗೆ ಎರಡು ನಿಮಿಷ ಮಾತಾಡಿಸಿ ಅದಕ್ಕೆ ಹಾಕಿ. ಬರೆಸುವುದಾದರೆ ಪುಸ್ತಕದ ಕೊನೆಯ ಪುಟಕ್ಕೆ ಒಂದು ಖಾಲಿ ಹಾಳೆ ಅಂಟಿಸಿ, ಓದಿದವರು ಹೆಸರು ಹಾಕಿ ಒಂದು ಸಾಲು ಬರೆಯಲಿ. "ನಡುವ ಬ್ಯಾಸರ ಬರ್ತದ, ಕಡೀಗಿ ಚಲೋ ಅದ" ಅಂತ ಒಬ್ಬ ಬರೆದಿದ್ದರೆ ಮುಂದಿನವನು ಅದನ್ನು ಓದಿಯೇ ಪುಸ್ತಕ ಎತ್ತಿಕೊಳ್ಳುತ್ತಾನೆ. ಯಾರಾದರೂ ಕಿಡಿಗೇಡಿತನದಿಂದ ಏನಾದರೂ ಗೀಚಿದರೆ ಹಾಳೆ ಬದಲಿಸಿ, ಪುಸ್ತಕ ಕೊಡುವುದನ್ನು ಮಾತ್ರ ನಿಲ್ಲಿಸಬೇಡಿ.