ಗೆಳೆತನದ ಲೇಖನದಲ್ಲಿ ಗೆಳೆಯರೇ ಕಾಣುತ್ತಿಲ್ಲ

ನಮಸ್ಕಾರ.

ತೋಮಸ್ ರಿವೆರಾ ಮತ್ತು ರೊಲಾಂಡೊ ಹಿನೊಹೋಸಾ ಅವರ ಗೆಳೆತನದ ಬಗ್ಗೆ ನೀವು ಕಳಿಸಿದ ಲೇಖನವನ್ನು ನಿಧಾನವಾಗಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯವನ್ನು ಮಾತ್ರ ಬಿಡಬೇಡಿ. ಅಮೆರಿಕದ ಮೆಕ್ಸಿಕನ್ ಮೂಲದ ಈ ಚಿಕಾನೊ ಬರಹಗಾರರ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದು ತುಂಬಾ ಕಮ್ಮಿ.

ಮೊದಲ ಮೂರು ಪುಟ ಚಿಕಾನೊ ಚಳವಳಿಯ ಇತಿಹಾಸಕ್ಕೇ ಹೋಗಿದೆ. ಅದು ಒಂದು ಪ್ಯಾರಾದಲ್ಲಿ ಮುಗಿಯಲಿ. ಆಮೇಲೆ 'ಅಪೂರ್ವ ಸ್ನೇಹ', 'ಅನನ್ಯ ಒಡನಾಟ' ಅಂತ ಸಾಲುಸಾಲು ಹೊಗಳಿಕೆ. ಒಬ್ಬರು ಇನ್ನೊಬ್ಬರಿಗಾಗಿ ಏನು ಮಾಡಿದರು ಅನ್ನುವುದು ಎಲ್ಲಿದೆ?

ಅದು ನಿಮ್ಮ ಕೊನೆಯ ಪುಟದಲ್ಲಿದೆ, ಒಂದೇ ಸಾಲಲ್ಲಿ. ರಿವೆರಾ 1984ರಲ್ಲಿ, 48ನೇ ವಯಸ್ಸಿನಲ್ಲಿ ತೀರಿಕೊಂಡರು. ಆಗ ಅವರು ರಿವರ್‌ಸೈಡ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾನ್ಸಲರ್, ಅಂದರೆ ಮುಖ್ಯಸ್ಥರು. ಪ್ರಕಟವಾದ ಅವರ ಕಾದಂಬರಿ ಒಂದೇ, 1971ರಲ್ಲಿ ಸ್ಪ್ಯಾನಿಷ್‌ನಲ್ಲಿ ಬಂದಿದ್ದು. ಹಿನೊಹೋಸಾ 1987ರಲ್ಲಿ ಅದನ್ನು 'ದಿಸ್ ಮೈಗ್ರೆಂಟ್ ಅರ್ಥ್' ಎಂದು ಇಂಗ್ಲಿಷಿಗೆ ತಂದರು. ತಮ್ಮದೇ ದೊಡ್ಡ ಕಾದಂಬರಿ ಸರಣಿ ಬರೆಯುತ್ತಿದ್ದವರು ತೀರಿಹೋದ ಗೆಳೆಯನ ಪುಸ್ತಕ ಹಿಡಿದು ಕೂತರು ಅಲ್ವಾ? ನಿಮ್ಮ ಲೇಖನ ಇಲ್ಲಿಂದಲೇ ಶುರುವಾಗಬೇಕು.

ಆ ಕಾದಂಬರಿಯಲ್ಲಿ ಒಂದು ಜಾಗ ಇದೆ. ಹೊಲದ ಬಿಸಿಲು ತಾಗಿ ಅಪ್ಪ ಹಾಸಿಗೆ ಹಿಡಿದಿದ್ದಾನೆ. ಈಗ ಪುಟ್ಟ ತಮ್ಮನೂ ಕುಸಿದಿದ್ದಾನೆ. ಅವನನ್ನು ಹೊತ್ತು ಮನೆಗೆ ಬರುವ ಹುಡುಗ ದೇವರನ್ನು ಬೈಯುತ್ತಾನೆ. ಒಂದು ಕ್ಷಣ ನೆಲ ಬಾಯಿಬಿಟ್ಟ ಹಾಗೆ ಕಾಣುತ್ತದೆ. ಆಮೇಲೆ ನೋಡಿದರೆ ಕಾಲಡಿಯ ನೆಲ ಯಾವತ್ತಿಗಿಂತ ಗಟ್ಟಿ. ಈ ಭಾಗವನ್ನು ಹಿನೊಹೋಸಾ ಹೇಗೆ ತಂದಿದ್ದಾರೆ, ಓದಿ. ಅವರು ಸಾಲಿಗೆ ಸಾಲು ಅಂಟಿಕೊಂಡವರಲ್ಲ. ಅದೇ ವರ್ಷ ಎವಾಂಜೆಲಿನಾ ವಿಹಿಲ್-ಪಿನ್ಯೋನ್ ಅವರ ಅನುವಾದವೂ ಬಂದಿದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ಗೆಳೆಯ ಎಲ್ಲೆಲ್ಲಿ ಸಲಿಗೆ ತಗೊಂಡಿದ್ದಾರೆ ಅಂತ ಗೊತ್ತಾಗುತ್ತದೆ. ಆ ಸಲಿಗೆಯ ಬಗ್ಗೆ ಎರಡು ಪುಟ ಬರೆದರೂ ನಾನು ಕತ್ತರಿ ಹಾಕುವುದಿಲ್ಲ.

'ಇಬ್ಬರದೂ ಒಂದೇ ಬದುಕು' ಅಂದಿದ್ದೀರಿ. ಇಲ್ಲ. ಇಬ್ಬರೂ ಟೆಕ್ಸಸ್‌ನವರು ನಿಜ. ಆದರೆ ಕ್ರಿಸ್ಟಲ್ ಸಿಟಿಯ ರಿವೆರಾ, ಸುಗ್ಗಿ ಇದ್ದ ಕಡೆಗೆ ಅಲೆಯುತ್ತಿದ್ದ ಕೂಲಿ ಕುಟುಂಬದವರು. ತಾವೂ ಹೊಲದಲ್ಲಿ ದುಡಿದವರು. ಮರ್ಸಿಡಿಸ್ ಊರಿನ ಹಿನೊಹೋಸಾ ಅವರ ತಾಯಿ ಆಂಗ್ಲೋ, ಅಂದರೆ ಇಂಗ್ಲಿಷ್ ಮಾತಾಡುವ ಬಿಳಿಯ ಅಮೆರಿಕನ್. ಮನೆಯಲ್ಲಿ ಎರಡೂ ಭಾಷೆ ಇತ್ತು. ಹೊಲದ ಕೂಲಿಯ ಆ ಬದುಕನ್ನು ಬದುಕದ ಗೆಳೆಯ ಅದನ್ನು ಮತ್ತೆ ಹೇಳಲು ಹೊರಟಿದ್ದಾರೆ. ಈ ಅಂತರವನ್ನು ಮುಚ್ಚಿಟ್ಟರೆ ಅವರು ಮಾಡಿದ ಕೆಲಸದ ತೂಕ ಓದುಗರಿಗೆ ತಿಳಿಯುವುದಿಲ್ಲ.

ಇನ್ನು ಆ ಫೋನ್ ಸಂಭಾಷಣೆ. 'ಹೀಗೆ ಮಾತಾಡಿರಬಹುದು' ಅಂತ ನೀವೇ ಕಟ್ಟಿದ್ದು ಅದು. ದಯವಿಟ್ಟು ತೆಗೆದುಬಿಡಿ. 2022ರಲ್ಲಿ ಹಿನೊಹೋಸಾ ಅವರೂ ಹೋದರು. ಹಾಗಲ್ಲ ಅನ್ನಲು ಇಬ್ಬರೂ ಇಲ್ಲದಿರುವಾಗ ಅವರ ಬಾಯಿಗೆ ಮಾತು ತುರುಕುವುದು ಅನ್ಯಾಯ. ಓದುಗರಿಗೆ ಒಂದು ಕಡೆ ಅನುಮಾನ ಬಂದರೆ ಮಿಕ್ಕ ನಿಜವನ್ನೂ ನಂಬುವುದಿಲ್ಲ. ರಿವೆರಾ ಅವರ ಕಾಗದಪತ್ರಗಳು ರಿವರ್‌ಸೈಡ್‌ನ ಅದೇ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿವೆ. ಒಂದು ಇಮೇಲ್ ಹಾಕಿ ಕೇಳಿ. ಹಿನೊಹೋಸಾ ಬರೆದ ಒಂದು ಪತ್ರ ಸಿಕ್ಕರೂ ಆ ಜಾಗಕ್ಕೆ ಅದನ್ನೇ ಹಾಕೋಣ. ಸಿಗದಿದ್ದರೆ ಸಂಭಾಷಣೆ ಇಲ್ಲದೆಯೇ ಕಳಿಸಿ, ನಾನೇ ಓದುತ್ತೇನೆ.